ಪಾಪರ್ ಚೀಟಿಗೂ ಐವತ್ತು ಡಾಲರ್

ಅಂಗಡಿ ಮುಚ್ಚಿ, ಸಾಲ ಕೊಟ್ಟವರ ಮುಂದೆ ಕೈಯೆತ್ತಿ ನಿಂತವನನ್ನು ನಮ್ಮ ಕಡೆ ‘ಪಾಪರ್ ಆದ’ ಅಂತಾರೆ. ಅವನು ಕೋರ್ಟಿಗೆ ಹೋಗಿ ದಿವಾಳಿ ಬರೆಸಿಕೊಂಡರೆ ‘ಪಾಪರ್ ಚೀಟಿ ತಗೊಂಡ’. ಈ ಪಾಪರ್ ಅನ್ನೋದು ಇಂಗ್ಲಿಷಿನಿಂದ ಬಂದ ಮಾತು, ಇಂಗ್ಲಿಷಿಗೆ ಬಂದದ್ದು ಲ್ಯಾಟಿನ್ನಿಂದ. ಮೂಲದ ಅರ್ಥ ‘ಬಡವ’, ಅಷ್ಟೆ. ಕೋರ್ಟುಗಳ ಭಾಷೆಯಲ್ಲಿ ‘ಇನ್ ಫಾರ್ಮಾ ಪಾಪರಿಸ್’ ಅಂದರೆ ಬಡವನ ರೀತಿಯಲ್ಲಿ, ಅಂದರೆ ಶುಲ್ಕ ಕಟ್ಟದೆ, ದಾವೆ ಹೂಡುವುದು. ನಮ್ಮ ಹಳೆಯ ವಕೀಲರು ಇದನ್ನೇ ‘ಪಾಪರ್ ದಾವೆ’ ಅನ್ನುತ್ತಿದ್ದರು. ದಿವಾಳಿ ಎದ್ದವನಿಗೂ ಶುಲ್ಕ ಕಟ್ಟಲಾಗದವನಿಗೂ ಕನ್ನಡದಲ್ಲಿ ಒಂದೇ ಹೆಸರು ನಿಂತಿತು. ಜನ ಸರಿಯಾಗಿಯೇ ಯೋಚಿಸಿದ್ದರು ಅನ್ನಿಸುತ್ತದೆ. ಕೈಯಲ್ಲಿ ಕಾಸಿಲ್ಲದವನಲ್ಲದೆ ದಿವಾಳಿ ಕೇಳಿಕೊಂಡು ಕೋರ್ಟಿಗೆ ಇನ್ಯಾರು ಹೋಗುತ್ತಾರೆ?

ಆದರೆ ನಾವು ಈಗ ಬದುಕುತ್ತಿರುವ ಈ ಅಮೆರಿಕದಲ್ಲಿ, 1973ರಲ್ಲಿ, ಸುಪ್ರೀಂ ಕೋರ್ಟು ಈ ಎರಡನ್ನೂ ಬೇರೆ ಮಾಡಿತು. ದಿವಾಳಿ ಬೇಕಾದರೆ ಮೊದಲು 50 ಡಾಲರ್ ಕಟ್ಟು ಅಂತ ಹೇಳಿತು. ಆ ಕತೆಯನ್ನೂ ಅದರ ಹಿಂದೆ ಮುಂದೆ ಇರುವ ಕೆಲವು ಕತೆಗಳನ್ನೂ ಇಲ್ಲಿ ಹೇಳಬೇಕು ಅಂದುಕೊಂಡಿದ್ದೇನೆ. ಸಂಬಳ ಕೊಡದ ಮಾಲೀಕ, ಠೇವಣಿ ವಾಪಸ್ ಕೊಡದ ಮನೆಯೊಡೆಯ, ಕಾರಣವಿಲ್ಲದೆ ಕೆಲಸದಿಂದ ತೆಗೆದ ಕಂಪನಿ, ಇವೆಲ್ಲ ನಮ್ಮ ನಡುವೆ ನಡೆಯುವ ಸಂಗತಿಗಳೇ. ಹಾಗಾದಾಗ ಕೋರ್ಟಿನ ಬಾಗಿಲಲ್ಲಿ ನಮ್ಮನ್ನು ಮೊದಲು ಎದುರಾಗುವುದು ನ್ಯಾಯಾಧೀಶರಲ್ಲ, ಶುಲ್ಕದ ಕೌಂಟರು.

ಶುಲ್ಕವಿಲ್ಲದೆ ಬಡವ ಕೋರ್ಟಿಗೆ ಬರಬಹುದು ಅನ್ನುವ ಕಾನೂನು ಬಹಳ ಹಳೆಯದು. ಇಂಗ್ಲೆಂಡಿನ ದೊರೆ ಏಳನೇ ಹೆನ್ರಿಯ ಕಾಲದಲ್ಲಿ, 1495ರಲ್ಲಿ, ಒಂದು ಶಾಸನ ಆಯಿತು. ಬಡವನಿಗೆ ಕೋರ್ಟಿನ ಕಾಗದಪತ್ರ ಬಿಟ್ಟಿ ಸಿಗಬೇಕು, ಅವನ ಪರವಾಗಿ ವಾದಿಸುವುದಕ್ಕೆ ವಕೀಲನನ್ನೂ ಕೊಡಬೇಕು ಅಂತ. ಕೇಳಲು ಚೆನ್ನಾಗಿದೆ. ಅದರ ಹಿಂದೆಯೇ ಬಡವನ ಮೇಲಿನ ಅನುಮಾನವೂ ಬಂತು. ಸುಳ್ಳು ದಾವೆ ಹಾಕಿಬಿಟ್ಟರೆ? ಒಂದು ಕಾಲದಲ್ಲಿ ಸೋತ ಪಾಪರ್ ವಾದಿಯ ಮುಂದೆ ಎರಡು ದಾರಿ ಇಡುತ್ತಿದ್ದರಂತೆ: ಖರ್ಚು ಕಟ್ಟು, ಇಲ್ಲವೇ ಚಾಟಿ ಏಟು ತಿನ್ನು. ಹದಿನೆಂಟನೇ ಶತಮಾನದ ಪ್ರಸಿದ್ಧ ಕಾನೂನು ಪಂಡಿತ ಬ್ಲ್ಯಾಕ್‌ಸ್ಟೋನ್ ಇದನ್ನು ಬರೆದಿಟ್ಟಿದ್ದಾನೆ, ತನ್ನ ಕಾಲಕ್ಕೆ ಆ ಪದ್ಧತಿ ನಿಂತುಹೋಗಿದೆ ಅಂತಲೂ ಹೇಳಿದ್ದಾನೆ. ಚಾಟಿ ಹೋಯಿತು. ಅನುಮಾನ ಮಾತ್ರ ಉಳಿಯಿತು. ಮುಂದೆ ಅದನ್ನು ಮತ್ತೆ ಮತ್ತೆ ನೋಡುತ್ತೇವೆ.

ಅಮೆರಿಕದ ಫೆಡರಲ್ ಕೋರ್ಟುಗಳಿಗೆ ಇಂಥದೊಂದು ಕಾನೂನು ಬಂದದ್ದು 1892ರಲ್ಲಿ. ಬಡತನದಿಂದಾಗಿ ಶುಲ್ಕ ಕಟ್ಟಲಾರೆ ಅಂತ ಪ್ರಮಾಣ ಮಾಡಿ ಬರೆದುಕೊಟ್ಟರೆ ದಾವೆ ನಡೆಸಬಹುದು. ಆದರೆ ಆ ಕಾನೂನಿನಲ್ಲಿ ಒಂದು ಪದ ಇತ್ತು. ಆ ಸೌಲಭ್ಯ ‘ನಾಗರಿಕ’ನಿಗೆ ಮಾತ್ರ. ಹೊರಗಿನಿಂದ ಬಂದು ಇಲ್ಲಿ ದುಡಿಯುತ್ತಿದ್ದವನು, ಎಷ್ಟೇ ವರ್ಷ ಇದ್ದಿರಲಿ, ಎಷ್ಟೇ ತೆರಿಗೆ ಕಟ್ಟಿರಲಿ, ಆ ಬಾಗಿಲ ಹೊರಗೇ ನಿಲ್ಲಬೇಕಿತ್ತು. ಕಾಂಗ್ರೆಸ್ಸು ಆ ಪದವನ್ನು ತೆಗೆದು ‘ವ್ಯಕ್ತಿ’ ಅಂತ ಹಾಕಿದ್ದು 1959ರಲ್ಲಿ. 67 ವರ್ಷ ಬೇಕಾಯಿತು. ಇವತ್ತು ವೀಸಾ ಮೇಲಿರುವ ನಮ್ಮಂಥವರು ಆ ಅರ್ಜಿ ಹಾಕಬಹುದಾದದ್ದು ಆ ಒಂದು ಪದ ಬದಲಾದದ್ದರಿಂದ.

ಎಷ್ಟು ಬಡವನಾಗಿದ್ದರೆ ಬಡವ? ಇದಕ್ಕೆ ಉತ್ತರ ಬಂದದ್ದು 1948ರಲ್ಲಿ, ಒಂದು ಕೆಲಸಗಾರರ ದಾವೆಯಲ್ಲೇ. ಡ್ಯುಪಾಂಟ್ ಕಂಪನಿಯ ಮೇಲೆ ಹೆಚ್ಚುವರಿ ದುಡಿಮೆಯ ಕೂಲಿ, ಅಂದರೆ ಓವರ್‌ಟೈಮ್, ಕೇಳಿ ಹೂಡಿದ್ದ ದಾವೆ ಅದು. ಕೆಳಗಿನ ಕೋರ್ಟಿನಲ್ಲಿ ಸೋತಿತ್ತು. ಮೇಲ್ಮನವಿಗೆ ದಾಖಲೆ ತಯಾರು ಮಾಡಿಸುವುದಕ್ಕೇ ಸಾವಿರಾರು ಡಾಲರ್ ಆಗುತ್ತಿತ್ತು. ವಾದಿಗಳಲ್ಲಿ ಒಬ್ಬಾಕೆ ವಯಸ್ಸಾದ ವಿಧವೆ, ಇದ್ದ ಆಸ್ತಿ ಒಂದು ಮನೆ. ಮನೆ ಇದೆಯಲ್ಲ, ಮಾರಿ ಕಟ್ಟಲಿ ಅನ್ನಬಹುದಿತ್ತು. ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್ ಬರೆದ ತೀರ್ಪು ಹಾಗೆ ಅನ್ನಲಿಲ್ಲ. ಶುಲ್ಕ ವಿನಾಯಿತಿ ಬೇಕಾದರೆ ಬೀದಿಗೆ ಬಿದ್ದಿರಲೇಬೇಕು ಅಂತಿಲ್ಲ, ಶುಲ್ಕ ಕಟ್ಟಿದ ಮೇಲೆ ತನಗೂ ತನ್ನನ್ನು ನಂಬಿದವರಿಗೂ ಬದುಕಿಗೆ ಬೇಕಾದದ್ದು ಉಳಿಯದು ಅನ್ನುವ ಸ್ಥಿತಿ ಇದ್ದರೆ ಸಾಕು ಅನ್ನುವುದು ಅದರ ಸಾರ.

ಈಗ 1971ಕ್ಕೆ ಬರೋಣ. ಆ ವರ್ಷ ಮಾರ್ಚ್‌ನಲ್ಲಿ ಬಂದ ‘ಬಾಡಿ ವಿರುದ್ಧ ಕನೆಕ್ಟಿಕಟ್’ ತೀರ್ಪು ಎಲ್ಲರಲ್ಲೂ ಆಸೆ ಹುಟ್ಟಿಸಿತು. ಕನೆಕ್ಟಿಕಟ್ ರಾಜ್ಯದಲ್ಲಿ ಸರ್ಕಾರದ ನೆರವಿನ ಮೇಲೆ ಬದುಕುತ್ತಿದ್ದ ಕೆಲವು ಹೆಂಗಸರು ವಿಚ್ಛೇದನ ಕೇಳಿದ್ದರು. ಶುಲ್ಕ ಮತ್ತು ಸಮನ್ಸ್ ಖರ್ಚು ಸೇರಿ ಸುಮಾರು 60 ಡಾಲರ್. ಅದಿಲ್ಲ ಅಂತ ಗುಮಾಸ್ತರು ಕಾಗದ ವಾಪಸ್ ಕೊಟ್ಟರು. ಸುಪ್ರೀಂ ಕೋರ್ಟು ಆ ಹೆಂಗಸರ ಪರ ನಿಂತಿತು. ಮದುವೆಯನ್ನು ಮುರಿಯುವ ಅಧಿಕಾರ ಸರ್ಕಾರದ ಕೈಯಲ್ಲಿ ಮಾತ್ರ ಇದೆ, ಬೇರೆ ದಾರಿಯೇ ಇಲ್ಲ, ಹಾಗಿರುವಾಗ ದುಡ್ಡಿಲ್ಲ ಅಂತ ಬಾಗಿಲು ಹಾಕುವಂತಿಲ್ಲ ಅನ್ನುವುದು ನ್ಯಾಯಮೂರ್ತಿ ಹಾರ್ಲನ್ ಅವರ ವಾದ.

ಎರಡೇ ತಿಂಗಳಲ್ಲಿ, ಮೇ ತಿಂಗಳಲ್ಲಿ, ನ್ಯೂಯಾರ್ಕಿನ ರಾಬರ್ಟ್ ಕ್ರಾಸ್ ಎಂಬಾತ ದಿವಾಳಿ ಅರ್ಜಿ ಹಿಡಿದು ಫೆಡರಲ್ ಕೋರ್ಟಿಗೆ ಹೋದ. ವಿಮೆ ಕಂಪನಿಯೊಂದರ ಏಜೆಂಟ್ ಆಗಿದ್ದವನು. ಗಿರಾಕಿಗಳಿಂದ ವಸೂಲಿ ಮಾಡಿ ತಂದಿದ್ದ ಹಣ ಮನೆಯಿಂದ ಕಳುವಾಯಿತು, ಕಂಪನಿಗೆ ತುಂಬಿಕೊಡಲು ಆಗಲಿಲ್ಲ, 1969ರಲ್ಲಿ ಕೆಲಸ ಹೋಯಿತು. ಬೇರೆ ಕೆಲಸ ಹುಡುಕಿದರೆ ಹಳೆಯ ಕಂಪನಿ ಒಳ್ಳೆ ಮಾತು ಹೇಳುತ್ತಿರಲಿಲ್ಲ. ಅಲ್ಲೊಂದು ಇಲ್ಲೊಂದು ಕೂಲಿ ಮಾಡಿ ವರ್ಷಕ್ಕೆ ಸುಮಾರು 300 ಡಾಲರ್ ಸಂಪಾದನೆ. ಎರಡೂವರೆ ಕೋಣೆಯ ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ, ತಾಯಿಯ ಆರು ವರ್ಷದ ಮಗಳು. ಇವನೂ ಸೇರಿ ಆರು ಜನ. ಚಿಕ್ಕ ಮಗು ಎಂಟು ತಿಂಗಳದ್ದು, ಕಾಯಿಲೆ, ಆಸ್ಪತ್ರೆಯಲ್ಲಿ ಚಿಕಿತ್ಸೆ.

ಲೆಕ್ಕ ನೋಡಿ. ಇವನ ಸಂಸಾರಕ್ಕೆ ತಿಂಗಳಿಗೆ 210 ಡಾಲರ್ ಸರ್ಕಾರದ ನೆರವು, ತಾಯಿ ಮತ್ತು ಅವಳ ಮಗಳಿಗೆ 156. ಒಟ್ಟು 366. ಬಾಡಿಗೆ 102. ಉಳಿದದ್ದು 264 ಡಾಲರ್, ತಲೆಗೆ ತಿಂಗಳಿಗೆ 44. ದಿನಕ್ಕೆ ಒಂದೂವರೆ ಡಾಲರಿಗೂ ಕಡಿಮೆ. ತಲೆಯ ಮೇಲಿನ ಸಾಲ 6,428 ಡಾಲರ್. ದಿವಾಳಿ ಸಿಕ್ಕರೆ ಆ ಸಾಲದ ಭಾರ ಇಳಿದು ಹೊಸದಾಗಿ ಶುರು ಮಾಡಬಹುದಿತ್ತು. ಅದಕ್ಕೆ ಬೇಕಾದ ಶುಲ್ಕ 50 ಡಾಲರ್. ಅದನ್ನು ಮನ್ನಾ ಮಾಡಿ ಅಂತ ಆತ ಕೇಳಿದ.

ಇಲ್ಲೊಂದು ವಿಚಿತ್ರ ಇದೆ. 1898ರ ದಿವಾಳಿ ಕಾಯ್ದೆಯಲ್ಲಿ, ತನ್ನ ಬಳಿ ಹಣವಿಲ್ಲ ಅಂತ ಪ್ರಮಾಣ ಮಾಡಿದವನು ಶುಲ್ಕವಿಲ್ಲದೆ ಅರ್ಜಿ ಹಾಕಬಹುದಿತ್ತು. 1946ರಲ್ಲಿ ಕಾಂಗ್ರೆಸ್ಸು ಅದನ್ನು ತೆಗೆದುಹಾಕಿತು. ದಿವಾಳಿ ಕೋರ್ಟುಗಳು ತಮ್ಮ ಖರ್ಚನ್ನು ತಾವೇ ದುಡಿದುಕೊಳ್ಳಬೇಕು, ಸರ್ಕಾರದ ಬೊಕ್ಕಸಕ್ಕೆ ಹೊರೆಯಾಗಬಾರದು ಅನ್ನುವ ಲೆಕ್ಕಾಚಾರ. ಅಂದರೆ ಕೈ ಬರಿದಾದವರ ನ್ಯಾಯಾಲಯದ ಖರ್ಚನ್ನು ಕೈ ಬರಿದಾದವರೇ ಕೊಡಬೇಕು. ಕಂತಿನಲ್ಲಿ ಕಟ್ಟುವ ಅವಕಾಶವನ್ನು ಮಾತ್ರ ಕೊಟ್ಟರು.

ಕೆಳಗಿನ ಕೋರ್ಟು ಕ್ರಾಸ್ ಪರವಾಗಿ ತೀರ್ಪು ಕೊಟ್ಟಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1973ರ ಜನವರಿ 10ರಂದು ತೀರ್ಪು ಬಂತು: ಐವರು ಸರ್ಕಾರದ ಪರ, ನಾಲ್ವರು ಕ್ರಾಸ್ ಪರ. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಬ್ಲ್ಯಾಕ್‌ಮನ್. ಅವರ ವಾದ ಹೀಗೆ: ವಿಚ್ಛೇದನ ಬೇರೆ, ದಿವಾಳಿ ಬೇರೆ. ಸಾಲ ಕೊಟ್ಟವರ ಜೊತೆ ಮಾತಾಡಿ ಹೊರಗೇ ಬಗೆಹರಿಸಿಕೊಳ್ಳುವ ದಾರಿ ಇದೆ. ಸಾಲದಿಂದ ಬಿಡುಗಡೆ ಅನ್ನುವುದು ಸಂವಿಧಾನ ಕೊಟ್ಟ ಹಕ್ಕಲ್ಲ. ಮೇಲಾಗಿ 50 ಡಾಲರನ್ನು ಆರು ತಿಂಗಳಲ್ಲಿ ಕಟ್ಟಿದರೆ ವಾರಕ್ಕೆ 1.92, ಒಂಬತ್ತು ತಿಂಗಳಲ್ಲಾದರೆ 1.28 ಡಾಲರ್. ಒಂದು ಸಿನಿಮಾ ಟಿಕೆಟ್ಟಿಗಿಂತ ಕಡಿಮೆ, ಒಂದೆರಡು ಪ್ಯಾಕು ಸಿಗರೇಟಿಗಿಂತ ಸ್ವಲ್ಪ ಜಾಸ್ತಿ.

ಸಿನಿಮಾ, ಸಿಗರೇಟು! ಈ ಮಾತಿಗೆ ನ್ಯಾಯಮೂರ್ತಿ ತರ್ಗುಡ್ ಮಾರ್ಷಲ್ ಕೊಟ್ಟ ಉತ್ತರವನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಮಾರ್ಷಲ್ ಆ ಕೋರ್ಟಿನ ಮೊದಲ ಕಪ್ಪು ಜನಾಂಗದ ನ್ಯಾಯಮೂರ್ತಿ, ವಕೀಲರಾಗಿ ಬಡವರ ಮನೆಗಳನ್ನು ಒಳಗಿನಿಂದ ಕಂಡವರು. ನಿಜವಾದ ಬಡವನಿಗೆ ಸಿಗರೇಟು ಪ್ಯಾಕು ದಿನದ ಖರ್ಚಲ್ಲ, ಅಪರೂಪದ ಐಷಾರಾಮ. ಸಿನಿಮಾ ನೋಡುವುದಂತೂ ಅವರಲ್ಲಿ ಹಲವರಿಗೆ ಆಗುವ ಮಾತೇ ಅಲ್ಲ. ಸಂವಿಧಾನ ಏನು ಹೇಳುತ್ತದೆ ಅನ್ನುವುದರ ಬಗ್ಗೆ ಭಿನ್ನಾಭಿಪ್ರಾಯ ಇರಲಿ, ಆದರೆ ಜನ ಹೇಗೆ ಬದುಕುತ್ತಾರೆ ಅನ್ನುವುದನ್ನು ತಿಳಿಯದೆ ಊಹೆಯ ಮೇಲೆ ಸಂವಿಧಾನವನ್ನು ಅರ್ಥೈಸುವುದು ನಾಚಿಕೆಗೇಡು ಅಂತ ಅವರು ಬರೆದರು. ನ್ಯಾಯಮೂರ್ತಿ ಸ್ಟುವರ್ಟ್ ಕೂಡ ಭಿನ್ನಮತ ಬರೆದರು: ಕೆಲವರು ಎಷ್ಟು ಬಡವರೆಂದರೆ ದಿವಾಳಿಯಾಗುವುದಕ್ಕೂ ಅವರಿಗೆ ಶಕ್ತಿಯಿಲ್ಲ, ಕೋರ್ಟು ಇವತ್ತು ಹೇಳಿದ್ದು ಇದನ್ನೇ ಅನ್ನುವ ಅರ್ಥದಲ್ಲಿ.

ಎರಡು ತಿಂಗಳ ಮೇಲೆ, ಅದೇ ಮಾರ್ಚ್‌ನಲ್ಲಿ, ಒರೆಗಾನ್ ರಾಜ್ಯದ ಇನ್ನೊಂದು ಪ್ರಕರಣ. ಸರ್ಕಾರಿ ನೆರವನ್ನು ಕಡಿತ ಮಾಡಿದ್ದನ್ನು ಪ್ರಶ್ನಿಸಿ ಮೇಲ್ಮನವಿ ಹೋಗಲು 25 ಡಾಲರ್ ಶುಲ್ಕ. ಅದನ್ನೂ ಐದಕ್ಕೆ ನಾಲ್ಕರ ಬಹುಮತದಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ದಿವಾಳಿಯ ವಿಷಯದಲ್ಲಿ ತಪ್ಪು ತಿದ್ದಿದ್ದು ಕೋರ್ಟಲ್ಲ, ಕಾಂಗ್ರೆಸ್ಸು, ಅದೂ 32 ವರ್ಷ ಬಿಟ್ಟು. 2005ರ ಕಾಯ್ದೆಯಿಂದ, ಚಾಪ್ಟರ್ 7 ದಿವಾಳಿಗೆ ಹೋಗುವವರ ಆದಾಯ ಬಡತನ ರೇಖೆಯ ಒಂದೂವರೆ ಪಟ್ಟಿಗಿಂತ ಕಡಿಮೆಯಿದ್ದು, ಕಂತಿನಲ್ಲೂ ಕಟ್ಟಲಾಗದಿದ್ದರೆ ಶುಲ್ಕ ಮನ್ನಾ ಮಾಡುವ ಅಧಿಕಾರ ಕೋರ್ಟಿಗೆ ಬಂತು.

‘ಶುಲ್ಕವೇ ಇಲ್ಲದಿದ್ದರೆ ಕಂಡ ಕಂಡವರೆಲ್ಲ ಸುಳ್ಳು ದಾವೆ ಹಾಕುತ್ತಾರಲ್ಲ?’ ಈ ಪ್ರಶ್ನೆ ನಮ್ಮಲ್ಲೂ ಹಲವರಿಗೆ ಬರಬಹುದು. ಇದಕ್ಕೂ ಒಂದು ಇತಿಹಾಸ ಇದೆ, ಅದು ನಮ್ಮ ದೇಶದ್ದೇ. ಈಸ್ಟ್ ಇಂಡಿಯಾ ಕಂಪನಿ 1795ರಲ್ಲಿ ಬಂಗಾಳದಲ್ಲಿ ದಾವೆಗಳ ಮೇಲೆ ಶುಲ್ಕ ಹಾಕಿದಾಗ ಕೊಟ್ಟ ಕಾರಣ ಇದೇ, ಜನ ಹುರುಳಿಲ್ಲದ ವ್ಯಾಜ್ಯ ಹೂಡುವುದನ್ನು ತಡೆಯಲು ಅಂತ. ಇದನ್ನು ಗೇಲಿ ಮಾಡಿದವನು ಯಾರು ಗೊತ್ತೇ? ಮೆಕಾಲೆ! ಶಿಕ್ಷಣದ ವಿಷಯಕ್ಕೆ ನಾವು ದಿನಾ ಬೈಯುವ ಅದೇ ಮೆಕಾಲೆ, 1830ರ ದಶಕದಲ್ಲಿ ಕಲ್ಕತ್ತೆಯಲ್ಲಿ ಕಾನೂನು ಸದಸ್ಯನಾಗಿದ್ದಾಗ. ಗೆಲ್ಲುವ ಆಸೆ ಇಲ್ಲದೆ ಯಾರೂ ಕೋರ್ಟಿಗೆ ಹೋಗುವುದಿಲ್ಲ. ಸುಳ್ಳು ದಾವೆ ಗೆಲ್ಲುತ್ತದೆ ಅಂತ ಜನರಿಗೆ ಅನ್ನಿಸಿದ್ದರೆ ಅದಕ್ಕೆ ಕಾರಣ ಕೆಟ್ಟ ಕಾನೂನು, ಇಲ್ಲವೇ ಕೆಟ್ಟ ನ್ಯಾಯಾಧೀಶರು. ಸರಿಯಾದ ತೀರ್ಪು ಕೊಡಿ, ಸುಳ್ಳು ದಾವೆ ತಾನೇ ನಿಲ್ಲುತ್ತದೆ. ಇದು ಅವನ ವಾದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1870ರಲ್ಲಿ ನ್ಯಾಯಾಲಯ ಶುಲ್ಕ ಕಾಯ್ದೆ ಬಂತು. ಕರ್ನಾಟಕದಲ್ಲಿ 1958ರ ನಮ್ಮದೇ ಕಾಯ್ದೆ ಇದೆ. ಸಾಲ ವಸೂಲಿಯಂಥ ದಾವೆಗಳಲ್ಲಿ ಕೇಳುವ ಹಣ ಹೆಚ್ಚಿದಷ್ಟೂ ಶುಲ್ಕವೂ ಹೆಚ್ಚು.

ಮೆಕಾಲೆಯ ಮಾತು ಸರಿಯೋ ತಪ್ಪೋ ಅಂತ ಅಳೆದು ನೋಡುವ ಅವಕಾಶ ಇತ್ತೀಚೆಗೆ ಅವನ ಊರಿನಲ್ಲೇ ಸಿಕ್ಕಿತು. ಬ್ರಿಟನ್ನಿನ ಕಾರ್ಮಿಕ ನ್ಯಾಯಮಂಡಳಿಗಳಲ್ಲಿ 2013ರ ಜುಲೈವರೆಗೆ ಶುಲ್ಕ ಇರಲಿಲ್ಲ. ಆಮೇಲೆ ಸಣ್ಣ ದೂರಿಗೆ 390 ಪೌಂಡ್, ದೊಡ್ಡದಕ್ಕೆ 1,200 ಪೌಂಡ್ ಹಾಕಿದರು. ದೂರುಗಳ ಸಂಖ್ಯೆ ಮೂರನೇ ಎರಡು ಭಾಗದಷ್ಟು ಬಿದ್ದುಹೋಯಿತು. ಸುಳ್ಳು ದೂರುಗಳೇ ಉದುರಿಹೋಗಿದ್ದರೆ ಉಳಿದವುಗಳಲ್ಲಿ ಗೆಲ್ಲುವವರ ಪ್ರಮಾಣ ಏರಬೇಕಿತ್ತು ತಾನೇ? ಏರಲಿಲ್ಲ, ಇಳಿಯಿತು. ಯೂನಿಸನ್ ಎಂಬ ಕಾರ್ಮಿಕ ಸಂಘ ಹೂಡಿದ ಪ್ರಕರಣದಲ್ಲಿ 2017ರ ಜುಲೈ 26ರಂದು ಅಲ್ಲಿನ ಸುಪ್ರೀಂ ಕೋರ್ಟು ಆ ಶುಲ್ಕವನ್ನು ಪೂರ್ತಿಯಾಗಿ ರದ್ದು ಮಾಡಿತು, ಕಟ್ಟಿದವರಿಗೆ ಹಣ ವಾಪಸ್ ಬಂತು. ಶುಲ್ಕಕ್ಕೆ ಸುಳ್ಳನೂ ಬಡವನೂ ಒಂದೇ ಥರ ಕಾಣುತ್ತಾರೆ. ದುಡ್ಡಿರುವ ಸುಳ್ಳ ಒಳಗೆ ಹೋಗುತ್ತಾನೆ, ದುಡ್ಡಿಲ್ಲದ ಸತ್ಯವಂತ ಹೊರಗೆ ಉಳಿಯುತ್ತಾನೆ.

ಭಾರತದಲ್ಲಿ ಬಡವರ ದಾವೆಗೆ ಇರುವ ನಿಯಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶ. 1908ರ ಮೂಲ ನಿಯಮದಲ್ಲಿ, ಶುಲ್ಕ ಕಟ್ಟುವಷ್ಟು ಅನುಕೂಲ ಇಲ್ಲದವನು ಪಾಪರ್. ಶುಲ್ಕ ಇಷ್ಟೇ ಅಂತ ಗೊತ್ತುಪಡಿಸದ ದಾವೆಯಾದರೆ, ಉಟ್ಟ ಬಟ್ಟೆ ಮತ್ತು ದಾವೆಯ ಸ್ವತ್ತು ಬಿಟ್ಟು ನೂರು ರೂಪಾಯಿಯ ಆಸ್ತಿಯೂ ಇಲ್ಲದವನು. 1976ರ ತಿದ್ದುಪಡಿಯಲ್ಲಿ ನೂರು ಸಾವಿರವಾಯಿತು, ‘ಪಾಪರ್’ ಹೋಗಿ ‘ನಿರ್ಗತಿಕ ವ್ಯಕ್ತಿ’ ಬಂತು. ಹೆಸರು ಬದಲಾದರೂ ವಿಚಾರಣೆಯ ಕ್ರಮ ಉಳಿಯಿತು. ಸರ್ಕಾರಿ ವಕೀಲರಿಗೂ ಎದುರು ಪಕ್ಷಕ್ಕೂ ನೋಟೀಸು ಹೋಗುತ್ತದೆ. ಯಾರ ಮೇಲೆ ದಾವೆ ಹಾಕಿದ್ದೇವೋ ಅವರ ಮುಂದೆಯೇ ‘ನನ್ನ ಬಳಿ ಏನೂ ಇಲ್ಲ’ ಅಂತ ಸಾಬೀತು ಮಾಡಬೇಕು. ಅರ್ಜಿ ತಿರಸ್ಕಾರವಾದರೆ ಶುಲ್ಕ ಕಟ್ಟಲು ಕೋರ್ಟು ಸಮಯ ಕೊಡಬಹುದು. ಆಗಲೂ ಕಟ್ಟದಿದ್ದರೆ ದಾವೆ ಅಲ್ಲಿಗೇ ಮುಗಿಯಿತು. ಗೆದ್ದರೆ ಶುಲ್ಕವನ್ನು ಬಂದ ಹಣದಿಂದ ಸರ್ಕಾರ ಮೊದಲು ವಸೂಲಿ ಮಾಡಿಕೊಳ್ಳುತ್ತದೆ. ಹಾಗಾಗಿ ಇದು ಮಾಫಿಗಿಂತ ಹೆಚ್ಚಾಗಿ ಮುಂದೂಡಿಕೆ.

ಆದರೂ ನಮ್ಮ ಸುಪ್ರೀಂ ಕೋರ್ಟು ಒಂದು ವಿಷಯದಲ್ಲಿ ಅಮೆರಿಕದ ಕೋರ್ಟಿಗಿಂತ ಮುಂದೆ ಹೋಯಿತು ಅಂತ ಹೆಮ್ಮೆಯಿಂದ ಹೇಳಬಹುದು. ಹರಿಯಾಣದಲ್ಲಿ ಸರ್ಕಾರಿ ಬಸ್ಸು ಒಬ್ಬನನ್ನು ಬಲಿ ತೆಗೆದುಕೊಂಡಿತು. ದುಡಿಯುವ ಕೈ ಹೋಯಿತು. ಪರಿಹಾರ ಕೇಳಿ ಬಂದ ವಿಧವೆಗೂ ಮಗಳಿಗೂ ಶುಲ್ಕ ಕಟ್ಟಲು ಹಣವಿರಲಿಲ್ಲ. ಮೋಟಾರು ಅಪಘಾತ ನ್ಯಾಯಮಂಡಳಿಗೆ 33ನೇ ಆದೇಶ ಅನ್ವಯಿಸುವುದಿಲ್ಲ, ಶುಲ್ಕ ಕಟ್ಟಲೇಬೇಕು ಅಂತ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ತನಕ ಬಂತು. 1979ರ ದರ್ಶನಾ ದೇವಿ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸರ್ಕಾರಕ್ಕೆ ಛೀಮಾರಿ ಹಾಕಿ ಕಳಿಸಿದರು. ನ್ಯಾಯಕ್ಕೆ ಬೆಲೆ ಕಟ್ಟಿ ಬಡವರನ್ನು ಹೊರಗಿಡಬಾರದು ಅನ್ನುವುದು ಅವರ ಧಾಟಿ. ಮುಂದೆ 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಬಂದು, ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಉಚಿತ ನೆರವಿಗೆ ಅರ್ಹರಾದರು. ಊರಿನಲ್ಲಿ ಅಮ್ಮನೋ ಅಕ್ಕನೋ ಆಸ್ತಿಯ ವಿಷಯಕ್ಕೆ ಕೋರ್ಟು ಹತ್ತಬೇಕಾಗಿ ಬಂದರೆ ತಾಲ್ಲೂಕು ಮಟ್ಟದ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಲು ಹೇಳಿ.

ಇನ್ನು ಇಲ್ಲಿನ ಇವತ್ತಿನ ಸ್ಥಿತಿ. ಫೆಡರಲ್ ಜಿಲ್ಲಾ ಕೋರ್ಟಿನಲ್ಲಿ ಸಿವಿಲ್ ದಾವೆ ಹೂಡಲು 405 ಡಾಲರ್. ಅದನ್ನು ಕಟ್ಟದೆ, ವಿನಾಯಿತಿಯ ಅರ್ಜಿಯನ್ನೂ ಹಾಕದೆ ಕಾಗದ ಕೊಟ್ಟರೆ ಕೋರ್ಟು ಸಾಮಾನ್ಯವಾಗಿ ಒಂದು ಗಡುವು ಕೊಡುತ್ತದೆ, ಗಡುವು ಮೀರಿದರೆ ವಜಾ. ಅಂಥ ವಜಾ ಹೆಚ್ಚಾಗಿ ‘ಮತ್ತೆ ಹೂಡಬಹುದು’ ಅನ್ನುವ ಬಗೆಯದು. ಮೋಸ ಹೋಗುವುದು ಇಲ್ಲೇ. ದಾವೆಗೆ ಕಾಲಮಿತಿ ಇರುತ್ತದಲ್ಲ? ಉದಾಹರಣೆಗೆ, ಕೆಲಸದಲ್ಲಿ ಜನಾಂಗ, ಧರ್ಮ, ಮೂಲ ದೇಶದ ಕಾರಣಕ್ಕೆ ಭೇದ ಮಾಡಿದರು ಅಂತ ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ದೂರು ಕೊಟ್ಟು, ಆಯೋಗದಿಂದ ದಾವೆ ಹೂಡುವ ಪತ್ರ ಬಂದ ಮೇಲೆ ಇರುವುದು 90 ದಿನ. ಶುಲ್ಕದ ಗೊಂದಲದಲ್ಲಿ ಆ ದಿನಗಳು ಕಳೆದುಹೋದರೆ ‘ಮತ್ತೆ ಹೂಡಬಹುದು’ ಅನ್ನುವುದು ಬರೀ ಕಾಗದದ ಮೇಲಿನ ಮಾತು. ಆದ್ದರಿಂದ ಶುಲ್ಕ ಕಟ್ಟಲಾಗದಿದ್ದರೆ ದಾವೆಯ ಜೊತೆಯಲ್ಲೇ ವಿನಾಯಿತಿ ಅರ್ಜಿ ಹೋಗಬೇಕು. ಆದಾಯ, ಖರ್ಚು, ಸಾಲ ಎಲ್ಲ ನಿಜವಾಗಿ ಬರೆಯಬೇಕು, ಸುಳ್ಳು ಬರೆದದ್ದು ಗೊತ್ತಾದರೆ ದಾವೆಯೇ ವಜಾ. ವಿನಾಯಿತಿ ಪಡೆದ ದಾವೆಯಲ್ಲಿ ಹುರುಳಿಲ್ಲ ಅಂತ ಕಂಡರೆ ಅದನ್ನು ಆರಂಭದಲ್ಲೇ ತೆಗೆದುಹಾಕುವ ಅಧಿಕಾರವೂ ಕೋರ್ಟಿಗಿದೆ. ಸುಳ್ಳು ದಾವೆಗೆ ಇರುವ ಸರಿಯಾದ ಮದ್ದು ಇದೇ: ಓದಿ ನೋಡಿ ತೀರ್ಮಾನಿಸುವುದು. ಇನ್ನೊಂದು ವಿಷಯ ನೆನಪಿರಲಿ. ಸಂಬಳ ಬಾಕಿಯ ಬಗ್ಗೆ ಫೆಡರಲ್ ಕಾರ್ಮಿಕ ಇಲಾಖೆಗೆ, ಭೇದಭಾವದ ಬಗ್ಗೆ ಆ ಆಯೋಗಕ್ಕೆ ದೂರು ಕೊಡಲು ಶುಲ್ಕವೇ ಇಲ್ಲ.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ನಮ್ಮ ಹಿರಿಯರು ಗಾದೆ ಮಾಡಿದರು. ಒಳಗೇ ಹೋಗಲಾಗದೆ ಬಾಗಿಲಲ್ಲೇ ನಿಂತವನಿಗೆ ಗಾದೆ ಇಲ್ಲ. ನಮ್ಮಲ್ಲಿ ಎಷ್ಟೋ ಜನ ಆ ಅರ್ಜಿ ತುಂಬಲು ಹಿಂಜರಿಯುತ್ತಾರೆ. ಊರಿಗೆ ಗೊತ್ತಾದರೆ, ‘ಅಮೆರಿಕಕ್ಕೆ ಹೋಗಿ ಪಾಪರ್ ಆದ’ ಅಂತ ಆಡಿಕೊಂಡರೆ ಅನ್ನುವ ಅಂಜಿಕೆ. ನಮ್ಮ ಬಾಯಲ್ಲಿ ಆ ಪದ ಬೈಗುಳವಾಗಿರಬಹುದು. ಐನೂರು ವರ್ಷಗಳ ಹಿಂದೆ ಅದನ್ನು ಕಾನೂನಿಗೆ ತಂದದ್ದು ಬಡವನಿಗೂ ಕೋರ್ಟಿನಲ್ಲಿ ಜಾಗ ಇರಲಿ ಅಂತ. ಕ್ರಾಸ್ ಆ ಜಾಗ ಕೇಳಲು ನಾಚಲಿಲ್ಲ. ಐದು ಜನ ಇಲ್ಲ ಅಂದರು, ನಾಲ್ಕು ಜನ ಹೌದು ಅಂದರು, 32 ವರ್ಷದ ಮೇಲೆ ದೇಶದ ಕಾನೂನು ಆ ನಾಲ್ವರ ದಾರಿಗೆ ಬಂತು.